ಸಿನಿಮಾ ಫೈಲ್ ಗೇಮ್ ಕನ್ಸೋಲ್‌ನಲ್ಲಿ: ಪೆನ್‌ಡ್ರೈವ್ ಸಾಕಾ, ಸರ್ವರ್ ಬೇಕಾ?

ಟಿವಿ ಕೆಳಗೆ ಪ್ಲೇಸ್ಟೇಷನ್ ಅಥವಾ ಎಕ್ಸ್‌ಬಾಕ್ಸ್ ಇದೆ. ಲ್ಯಾಪ್‌ಟಾಪ್‌ನಲ್ಲಿ ಅಕ್ಕನ ಮದುವೆ ವಿಡಿಯೊ, ಮಕ್ಕಳ ಸ್ಕೂಲ್ ಡೇ, ನಿಮ್ಮದೇ ಡಿಸ್ಕ್‌ನಿಂದ ತೆಗೆದಿಟ್ಟ ಹಳೇ ಸಿನಿಮಾಗಳಿವೆ. ಅವನ್ನು ದೊಡ್ಡ ಪರದೆಯಲ್ಲಿ ಮನೆಮಂದಿ ಕೂತು ನೋಡಬೇಕು. ಇದಕ್ಕೆ ಒಂದೇ ಉತ್ತರ ಇಲ್ಲ, ಕನ್ಸೋಲ್‌ಗೊಂದು ಥರ ಇದೆ. ಕನ್ಸೋಲ್ ಹೊಸದಾದಷ್ಟೂ ಜಾಸ್ತಿ ಫೈಲ್ ಪ್ಲೇ ಮಾಡುತ್ತದೆ ಅಂದುಕೊಳ್ಳುತ್ತೇವೆ ಅಲ್ವಾ? ಇಲ್ಲಿ ಹಾಗಿಲ್ಲ. 2013ರಲ್ಲಿ ಬಂದ ಪ್ಲೇಸ್ಟೇಷನ್ 4 (ಪಿಎಸ್4) ಪೆನ್‌ಡ್ರೈವ್‌ನಲ್ಲಿರುವ ಸಿನಿಮಾ ತೋರಿಸುತ್ತದೆ. 2020ರ ಪಿಎಸ್5 ತೋರಿಸುವುದಿಲ್ಲ.

ಬರೀ ಈ ಕೆಲಸಕ್ಕೆ ಅಂತ ಕನ್ಸೋಲ್ ಕೊಳ್ಳಬೇಡಿ. ಟಿವಿಗೆ ಹಾಕುವ ಆಂಡ್ರಾಯ್ಡ್ ಸ್ಟಿಕ್ ತುಂಬಾ ಕಡಿಮೆ ಬೆಲೆಗೆ ಸಿಗುತ್ತದೆ, ಕರೆಂಟನ್ನೂ ಕಡಿಮೆ ತಿನ್ನುತ್ತದೆ. ಟಿವಿಯ ಹಿಂದೆಯೇ ಯುಎಸ್‌ಬಿ ಪೋರ್ಟ್ ಇದ್ದರೆ ಮೊದಲು ಪೆನ್‌ಡ್ರೈವನ್ನು ಅಲ್ಲಿಗೇ ಹಾಕಿ ನೋಡಿ. ಎಷ್ಟೋ ಸ್ಮಾರ್ಟ್ ಟಿವಿಗಳಲ್ಲಿ ಕೆಲಸ ಅಲ್ಲಿಗೇ ಮುಗಿಯುತ್ತದೆ. ಟಿವಿ ಹಳೆಯದು, ಅಥವಾ ಬರೀ ಪ್ರಾಜೆಕ್ಟರ್ ಇದೆ, ಆದರೆ ಕನ್ಸೋಲ್ ಈಗಾಗಲೇ ಮನೆಯಲ್ಲಿದೆ ಅನ್ನುವವರು ಮುಂದೆ ಓದಿ.

ಮೊದಲು ಫೈಲಿನ ಒಳಗೆ ನೋಡಿ

"ಎಂಕೆವಿ ಪ್ಲೇ ಆಗುತ್ತಾ?" ಅಂತ ಎಲ್ಲರೂ ಕೇಳುತ್ತಾರೆ. ಈ ಪ್ರಶ್ನೆಗೆ ಹೌದು ಅಂದರೂ ತಪ್ಪು, ಇಲ್ಲ ಅಂದರೂ ತಪ್ಪು. ಎಂಕೆವಿ, ಎಂಪಿ4, ಎವಿಐ ಇವೆಲ್ಲ ಬರೀ ಡಬ್ಬಿಗಳು. ಒಳಗೆ ವಿಡಿಯೊ ಒಂದು, ಆಡಿಯೊ ಒಂದು, ಕೆಲವೊಮ್ಮೆ ಸಬ್‌ಟೈಟಲ್ ಒಂದು ಇರುತ್ತದೆ. ಕನ್ಸೋಲ್‌ಗೆ ಡಬ್ಬಿ ತೆರೆಯಲೂ ಬರಬೇಕು, ಒಳಗಿರುವುದನ್ನು ಬಿಡಿಸಲೂ ಬರಬೇಕು. ಅದಕ್ಕೇ ಒಂದೇ ಪೆನ್‌ಡ್ರೈವ್‌ನಲ್ಲಿರುವ ಎರಡು ಎಂಕೆವಿ ಫೈಲ್‌ಗಳಲ್ಲಿ ಒಂದು ಓಡುತ್ತದೆ, ಇನ್ನೊಂದು ಓಡುವುದಿಲ್ಲ.

ಒಳಗೆ ಏನಿದೆ ಅಂತ ನೋಡುವುದು ಸುಲಭ. ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಅನ್ನುವ ಪುಕ್ಕಟೆ ಪ್ಲೇಯರ್‌ನಲ್ಲಿ ಫೈಲ್ ಓಡಿಸಿ, ಕಂಟ್ರೋಲ್ ಜೊತೆ ಜೆ ಒತ್ತಿ. ಒಂದು ಕಿಟಕಿ ತೆರೆಯುತ್ತದೆ. ಅದರಲ್ಲಿ ಸ್ಟ್ರೀಮ್ 0, ಸ್ಟ್ರೀಮ್ 1 ಅಂತ ಸಾಲುಸಾಲಾಗಿ ಇರುತ್ತವೆ. ವಿಡಿಯೊ ಸ್ಟ್ರೀಮ್‌ನ ಕೋಡೆಕ್ (ವಿಡಿಯೊವನ್ನು ಒತ್ತಿ ಚಿಕ್ಕದಾಗಿಸುವ ಪದ್ಧತಿ) ಸಾಲಿನಲ್ಲಿ ಎಚ್.264 ಅಂತಿದೆಯಾ, ಎಚ್‌ಇವಿಸಿ ಅಂತಿದೆಯಾ ನೋಡಿ. ಎಚ್.265 ಅನ್ನುವುದೂ ಎಚ್‌ಇವಿಸಿಯೇ. ಆಡಿಯೊ ಸ್ಟ್ರೀಮ್‌ನಲ್ಲಿ ಎಎಸಿ, ಎಸಿ3, ಡಿಟಿಎಸ್ ಇವುಗಳಲ್ಲಿ ಯಾವುದು ಅಂತ ನೋಡಿ. ಇನ್ನೂ ಒಂದು ಕಡೆ ಕಣ್ಣು ಹಾಯಿಸಿ. ವಿಡಿಯೊದ ಡೀಕೋಡೆಡ್ ಫಾರ್ಮ್ಯಾಟ್ ಸಾಲಿನಲ್ಲಿ 10 ಬಿಟ್ ಅಂತಿದ್ದು, ಕೋಡೆಕ್ ಎಚ್.264 ಆಗಿದ್ದರೆ ಅದು ಬಹುಪಾಲು ಆ್ಯನಿಮೆ ಫೈಲ್. ಅಂಥದ್ದು ಕನ್ಸೋಲ್‌ಗಳ ಸ್ವಂತ ಪ್ಲೇಯರ್‌ಗಳಲ್ಲಿ ಓಡುವುದಿಲ್ಲ.

ಎಚ್.264 ವಿಡಿಯೊ, ಎಎಸಿ ಅಥವಾ ಎಸಿ3 ಆಡಿಯೊ, ಎಂಪಿ4 ಡಬ್ಬಿ. ಫೈಲ್ ಹೀಗಿದ್ದರೆ ತಲೆಬಿಸಿ ಇಲ್ಲ, ಪಿಎಸ್5, ಸ್ವಿಚ್ ಬಿಟ್ಟರೆ ಪಿಎಸ್3ರಿಂದ ಹಿಡಿದು ಇವತ್ತಿನ ಎಕ್ಸ್‌ಬಾಕ್ಸ್‌ವರೆಗೆ ಓಡುತ್ತದೆ. ತೊಂದರೆ ಕೊಡುವುದು ಎಚ್‌ಇವಿಸಿ ಮತ್ತು ಡಿಟಿಎಸ್. ಎಚ್‌ಇವಿಸಿ ನಾವು ಬೇಡ ಅಂದರೂ ಮನೆಗೆ ಬರುತ್ತದೆ. 2017ರ ಐಒಎಸ್ 11ರಿಂದ ಐಫೋನ್‌ಗಳು ವಿಡಿಯೊವನ್ನು ಎಚ್‌ಇವಿಸಿಯಲ್ಲೇ ಉಳಿಸುತ್ತಿವೆ. ನಾಮಕರಣದ ವಿಡಿಯೊ ಪಿಎಸ್4ಗೆ ಹಾಕಿದಾಗ ಸಪೋರ್ಟ್ ಇಲ್ಲ ಅಂತ ಬಂದರೆ ಕಾರಣ ಇದೇ ಇರಬೇಕು. ಮುಂದಿನ ಸಲಕ್ಕೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಅಂತ ಇಟ್ಟರೆ ಎಚ್.264 ಸಿಗುತ್ತದೆ. ಫೈಲ್ ದೊಡ್ಡದಾಗುತ್ತದೆ, ಅದಕ್ಕೆ ತಯಾರಿರಿ.

ಎಕ್ಸ್‌ಬಾಕ್ಸ್ ಇದ್ದರೆ ನಿಮ್ಮ ಅದೃಷ್ಟ

ಸಿನಿಮಾ ಫೈಲ್ ವಿಷಯದಲ್ಲಿ ಎಕ್ಸ್‌ಬಾಕ್ಸ್ ಎಲ್ಲಕ್ಕಿಂತ ಮುಂದಿದೆ. ಇದನ್ನು ನಾನು ಹಿಂಜರಿಯದೆ ಹೇಳುತ್ತೇನೆ. ಎಕ್ಸ್‌ಬಾಕ್ಸ್ ಒನ್, ಸೀರೀಸ್ ಎಸ್, ಸೀರೀಸ್ ಎಕ್ಸ್ ಮೂರರಲ್ಲೂ ಅಂಗಡಿಯಿಂದ ವಿಎಲ್‌ಸಿ, ಕೋಡಿ, ಪ್ಲೆಕ್ಸ್ ಆ್ಯಪ್‌ಗಳನ್ನು ಪುಕ್ಕಟೆ ಇಳಿಸಿಕೊಳ್ಳಬಹುದು. ಕನ್ಸೋಲ್‌ನ ಸ್ವಂತ ಮೀಡಿಯಾ ಪ್ಲೇಯರ್ ಕೈಕೊಟ್ಟರೆ ಇನ್ನೊಂದರಲ್ಲಿ ಪ್ರಯತ್ನಿಸಬಹುದು. ಪ್ಲೇಸ್ಟೇಷನ್‌ನಲ್ಲಿ ಈ ಸ್ವಾತಂತ್ರ್ಯ ಇಲ್ಲ.

ಕೋಡಿಗೂ ಎಕ್ಸ್‌ಬಾಕ್ಸ್‌ಗೂ ಹಳೇ ನಂಟಿದೆ. 2001ರ ಮೊದಲ ಎಕ್ಸ್‌ಬಾಕ್ಸನ್ನು ಮಾಡ್ ಮಾಡಿದ (ತಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡ) ಹವ್ಯಾಸಿಗಳು ಅದರಲ್ಲಿ ಸಿನಿಮಾ ಓಡಿಸಲು ಬರೆದ ಪ್ರೋಗ್ರಾಂ ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್. ಅದೇ 2014ರಲ್ಲಿ ಕೋಡಿ ಅಂತ ಹೆಸರು ಬದಲಿಸಿಕೊಂಡಿತು. 2017ರ ಡಿಸೆಂಬರ್‌ನಲ್ಲಿ ಅಧಿಕೃತ ಆ್ಯಪ್ ಆಗಿ ಎಕ್ಸ್‌ಬಾಕ್ಸ್ ಒನ್‌ಗೆ ವಾಪಸ್ ಬಂತು. ಪ್ಲೆಕ್ಸ್ ಕೂಡ ಅದೇ ಬೇರಿನಿಂದ ಒಡೆದ ಕೊಂಬೆ. ಹವ್ಯಾಸಕ್ಕೆ ಕೂತು ಬರೆದವರ ಕೆಲಸ ಇಪ್ಪತ್ತು ವರ್ಷ ದಾಟಿಯೂ ಮನೆಮನೆಯಲ್ಲಿ ಓಡುತ್ತಿದೆ. ನನಗೆ ಅವರ ಮೇಲೆ ತುಂಬಾ ಗೌರವ.

ಯಾವ ಆ್ಯಪ್ ಹಾಕಬೇಕು? ಪೆನ್‌ಡ್ರೈವ್‌ನಿಂದ ಒಂದೆರಡು ಫೈಲ್ ನೋಡುವವರಿಗೆ ವಿಎಲ್‌ಸಿ ಸಾಕು. ಹಳೇ 700 ಎಂಬಿ ಸೀಡಿ ಕಾಲದ ಎವಿಐ ಆಗಲಿ, ಹ್ಯಾಂಡಿಕ್ಯಾಮ್‌ನ ಎಂಟಿಎಸ್ ಫೈಲ್ ಆಗಲಿ, ಡಿಟಿಎಸ್ ಆಡಿಯೊ ಆಗಲಿ, ಅದಕ್ಕೆ ಎಲ್ಲವೂ ಒಂದೇ. 4ಕೆ ಎಚ್‌ಇವಿಸಿ ಫೈಲ್ ಜಾಸ್ತಿ ಇದ್ದರೆ ಕೋಡಿ ನೋಡಿ, ಅದರಲ್ಲಿ ಎಚ್‌ಡಿಆರ್ (ಬೆಳಕು, ಬಣ್ಣ ಇನ್ನಷ್ಟು ಚೆನ್ನಾಗಿ ತೋರಿಸುವ ವಿಧಾನ) ಕೂಡ ಬರುತ್ತದೆ. ಕನ್ಸೋಲ್ ಮಾತ್ರ ಎಕ್ಸ್‌ಬಾಕ್ಸ್ ಒನ್ ಎಸ್ ಅಥವಾ ಅದಕ್ಕಿಂತ ಹೊಸದಾಗಿರಲಿ. 2013ರ ಮೊದಲ ಎಕ್ಸ್‌ಬಾಕ್ಸ್ ಒನ್ 4ಕೆ ವಿಡಿಯೊಗೆ ಅಂತ ಮಾಡಿದ್ದಲ್ಲ.

ಎಕ್ಸ್‌ಬಾಕ್ಸ್‌ಗೆ ದೊಡ್ಡ ಹಾರ್ಡ್‌ಡಿಸ್ಕ್ ಚುಚ್ಚಿದ ತಕ್ಷಣ ಒಂದು ಪ್ರಶ್ನೆ ಬರುತ್ತದೆ: ಇದನ್ನು ಗೇಮ್‌ಗೆ ಅಂತ ಫಾರ್ಮ್ಯಾಟ್ ಮಾಡಬೇಕಾ, ಮೀಡಿಯಾಗೆ ಬಳಸಬೇಕಾ? ದಯವಿಟ್ಟು ಓದದೆ ಬಟನ್ ಒತ್ತಬೇಡಿ. ಗೇಮ್ ಅಂತ ಒತ್ತಿ ಮುಂದುವರಿದರೆ ಡಿಸ್ಕ್ ಪೂರ್ತಿ ಖಾಲಿ, ಮದುವೆ ವಿಡಿಯೊ ಸಹಿತ. ಮೀಡಿಯಾ ಅನ್ನುವುದನ್ನೇ ಆರಿಸಿ. ಪಿಎಸ್4, ಪಿಎಸ್5ರಲ್ಲಿ ಎಕ್ಸ್‌ಟೆಂಡೆಡ್ ಸ್ಟೋರೇಜ್ ಅಂತ ಫಾರ್ಮ್ಯಾಟ್ ಮಾಡಿದರೂ ಇದೇ ಗತಿ. ಮಕ್ಕಳ ಕೈಗೆ ಕಂಟ್ರೋಲರ್ ಕೊಟ್ಟು ಒಳಗೆ ಹೋಗುವ ಮುಂಚೆ ಒಂದು ಬ್ಯಾಕಪ್ ಇರಲಿ.

ಸಿನಿಮಾಗಳು ಸೆಕೆಂಡಿಗೆ 24 ಚಿತ್ರ, ಟಿವಿ 60. ಇವೆರಡೂ ಸಮ ಭಾಗ ಆಗದೆ, ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವ ದೃಶ್ಯ ಸಣ್ಣಗೆ ಕುಲುಕುತ್ತದೆ. ಎಕ್ಸ್‌ಬಾಕ್ಸ್‌ನ ವಿಡಿಯೊ ಮೋಡ್ಸ್ ಪುಟದಲ್ಲಿ 24 ಹರ್ಟ್ಸ್‌ಗೆ ಅನುಮತಿ ಕೊಡುವ ಆಯ್ಕೆ ಇದೆ. ನಿಮ್ಮ ಟಿವಿಗೆ ಅದು ಬರುವುದಾದರೆ ಆನ್ ಮಾಡಿಡಿ.

ಪಿಎಸ್4: ಸರಿಯಾದ ಫೈಲ್ ಕೊಟ್ಟರೆ ಸಾಕು

ಪಿಎಸ್4 ಬಂದಾಗ ಅದರಲ್ಲಿ ಫೈಲ್ ನೋಡುವ ಸೌಲಭ್ಯ ಇರಲಿಲ್ಲ. 2015ರ ಜೂನ್‌ನಲ್ಲಿ ಮೀಡಿಯಾ ಪ್ಲೇಯರ್ ಆ್ಯಪ್ ಬಂತು. ಎಂಕೆವಿ, ಎವಿಐ, ಎಂಪಿ4 ಮೂರೂ ಡಬ್ಬಿಗಳನ್ನು ಅದು ತೆರೆಯುತ್ತದೆ. ಎಚ್.264 ವಿಡಿಯೊ, ಎಂಪಿ3, ಎಎಸಿ, ಎಸಿ3 ಆಡಿಯೊ ಓಡುತ್ತವೆ. ಎಚ್‌ಇವಿಸಿ ಇಲ್ಲ, ಡಿಟಿಎಸ್ ಇಲ್ಲ.

ಪೆನ್‌ಡ್ರೈವ್ ಎಫ್‌ಎಟಿ32 ಅಥವಾ ಎಕ್ಸ್‌ಫ್ಯಾಟ್ ಅನ್ನುವ ಫೈಲ್ ಜೋಡಣೆ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಆಗಿದ್ದರೆ ಪಿಎಸ್4 ಅದನ್ನು ಓದುವುದೇ ಇಲ್ಲ. ಎಕ್ಸ್‌ಬಾಕ್ಸ್ ಒನ್ ಓದುತ್ತದೆ. ಎಫ್‌ಎಟಿ32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಮೂರು ಗಂಟೆಯ ಮದುವೆ ವಿಡಿಯೊ ಒಂದೇ ಫೈಲ್ ಆಗಿದ್ದರೆ ಈ ಗಡಿ ಸುಲಭವಾಗಿ ದಾಟುತ್ತದೆ. ಹಾಗಾಗಿ ಕಣ್ಣುಮುಚ್ಚಿ ಎಕ್ಸ್‌ಫ್ಯಾಟ್ ಮಾಡಿ. ಫೈಲ್‌ಗಳನ್ನು ಹೊರಗೆ ಚೆಲ್ಲಬೇಡಿ, ಒಂದು ಫೋಲ್ಡರ್ ಒಳಗೆ ಇಡಿ.

ಸೆಟ್ಟಿಂಗ್ಸ್‌ನ ಸಿಸ್ಟಮ್ ಪುಟದಲ್ಲಿ ಎಚ್‌ಡಿಎಂಐ ಡಿವೈಸ್ ಲಿಂಕ್ ಆನ್ ಮಾಡಿದರೆ ಟಿವಿ ರಿಮೋಟ್‌ನಿಂದಲೇ ಪಿಎಸ್4 ನಡೆಸಬಹುದು. ಅಪ್ಪ-ಅಮ್ಮನಿಗೆ ಗೇಮ್ ಕಂಟ್ರೋಲರ್ ಹಿಡಿಸಿ ಕಷ್ಟಪಡಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಪಿಎಸ್5, ಪಿಎಸ್3, ಸ್ವಿಚ್

ಪಿಎಸ್5ಗೆ ಪಿಎಸ್4ರ ಆ ಮೀಡಿಯಾ ಪ್ಲೇಯರ್ ಬರಲೇ ಇಲ್ಲ. ಪೆನ್‌ಡ್ರೈವ್‌ನ ಸಿನಿಮಾ ಕಾಣುವುದಿಲ್ಲ. ಮೀಡಿಯಾ ಗ್ಯಾಲರಿ ಅಂತ ಒಂದಿದೆ, ಅದು ಆಟ ಆಡುವಾಗ ನೀವು ರೆಕಾರ್ಡ್ ಮಾಡಿದ ತುಣುಕುಗಳಿಗೆ ಮಾತ್ರ. ಮನೆಯ ನೆಟ್‌ವರ್ಕ್‌ನಲ್ಲಿರುವ ಡಿಎಲ್‌ಎನ್‌ಎ ಸರ್ವರ್‌ಗಳೂ (ಮನೆಯ ಯಂತ್ರಗಳ ನಡುವೆ ವಿಡಿಯೊ ಹಂಚುವ ಪದ್ಧತಿ ಬಳಸುವವು) ಕಾಣುವುದಿಲ್ಲ. ಅಷ್ಟು ದುಡ್ಡು ಕೊಟ್ಟು ತಂದ ಯಂತ್ರ, ಅಷ್ಟು ತಾಕತ್ತಿರುವ ಯಂತ್ರ, ನಮ್ಮದೇ ವಿಡಿಯೊ ತೋರಿಸುವುದಿಲ್ಲ ಅಂದರೆ ಬೇಜಾರಾಗುತ್ತದೆ. ಇದನ್ನು ಕೊಡಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ಉಳಿದಿರುವ ದಾರಿ ಪ್ಲೆಕ್ಸ್, ಅಂದರೆ ಕಂಪ್ಯೂಟರ್‌ನಲ್ಲಿರುವ ಫೈಲನ್ನು ನೆಟ್‌ವರ್ಕ್ ಮೂಲಕ ಕಳಿಸುವ ಪ್ರೋಗ್ರಾಂ. ಅದಕ್ಕೆ ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಆನ್ ಆಗಿರಬೇಕು. ಡಿಸ್ಕ್ ಡ್ರೈವ್ ಇರುವ ಪಿಎಸ್5 ಆದರೆ 4ಕೆ ಬ್ಲೂ-ರೇ ಡಿಸ್ಕ್ ಚೆನ್ನಾಗಿ ಓಡಿಸುತ್ತದೆ. ಪಿಎಸ್4ಗೆ, ಪ್ರೋ ಮಾಡೆಲ್‌ಗೂ ಸೇರಿಸಿ, ಆ 4ಕೆ ಡಿಸ್ಕ್ ಬರುವುದಿಲ್ಲ.

ಪಿಎಸ್3 ಇನ್ನೂ ಇಟ್ಟುಕೊಂಡವರು ನಮ್ಮಲ್ಲಿ ಕಡಿಮೆ ಏನಿಲ್ಲ. ಅದಕ್ಕೆ ಎಂಕೆವಿ ಬರುವುದಿಲ್ಲ. ಪೆನ್‌ಡ್ರೈವ್ ಎಫ್‌ಎಟಿ32 ಆಗಿರಲೇಬೇಕು, ಆ 4 ಜಿಬಿ ಗಡಿ ಇಲ್ಲಿ ತಪ್ಪಿಸಿಕೊಳ್ಳಲಾಗದ್ದು. ಹಳೇ ಡಿವ್‌ಎಕ್ಸ್ ಎವಿಐ ಫೈಲ್‌ಗಳನ್ನು ಚೆನ್ನಾಗಿ ತೋರಿಸುತ್ತದೆ. ದೊಡ್ಡ ಫೈಲ್ ನೋಡಬೇಕಾದರೆ ಕಂಪ್ಯೂಟರ್‌ನಲ್ಲಿ ಯೂನಿವರ್ಸಲ್ ಮೀಡಿಯಾ ಸರ್ವರ್ ಹಾಕಿ. ಅದು ಹುಟ್ಟಿದ್ದೇ ಪಿಎಸ್3 ಮೀಡಿಯಾ ಸರ್ವರ್ ಅನ್ನುವ ಪ್ರೋಗ್ರಾಂನಿಂದ. ಹಾಗಾಗಿ ಈ ಕನ್ಸೋಲ್‌ನ ಗುಣ ಅದಕ್ಕೆ ಚೆನ್ನಾಗಿ ಗೊತ್ತು.

ನಿಂಟೆಂಡೊ ಸ್ವಿಚ್‌ನಲ್ಲಿ ಸಿನಿಮಾ ಫೈಲ್ ನೋಡುವ ಪ್ಲೇಯರ್ ಇಲ್ಲ. ಸುಮ್ನೆ ಸಮಯ ಕಳೆಯಬೇಡಿ.

ಸರ್ವರ್ ಯಾರಿಗೆ ಬೇಕು?

ತಿಂಗಳಿಗೊಂದು ಸಿನಿಮಾ ನೋಡುವವರಿಗೆ ಪೆನ್‌ಡ್ರೈವ್ ಸಾಕು. ನೂರಾರು ಫೈಲ್ ಇದ್ದು, ದಿನಾ ಕಾಪಿ ಮಾಡಿ ಅಳಿಸಿ ಬೇಸರ ಬಂದಿದ್ದರೆ ಸರ್ವರ್ ಯೋಚಿಸಿ. ಸರ್ವರ್ ಅಂದರೆ ದೊಡ್ಡ ಯಂತ್ರ ಅಲ್ಲ. ಫೈಲ್ ಇರುವ ಕಂಪ್ಯೂಟರ್‌ನಲ್ಲೇ ಓಡುವ ಒಂದು ಪ್ರೋಗ್ರಾಂ, ಅಷ್ಟೇ.

ಎಲ್ಲಕ್ಕಿಂತ ಸರಳವಾದದ್ದು ವಿಂಡೋಸ್‌ನಲ್ಲೇ ಇರುವ ಮೀಡಿಯಾ ಸ್ಟ್ರೀಮಿಂಗ್. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಆನ್ ಮಾಡಿದರೆ ಪಿಎಸ್4, ಎಕ್ಸ್‌ಬಾಕ್ಸ್‌ಗಳ ಮೀಡಿಯಾ ಪ್ಲೇಯರ್‌ನಲ್ಲಿ ಕಂಪ್ಯೂಟರ್ ಹೆಸರು ಕಾಣುತ್ತದೆ. ಆದರೆ ಕನ್ಸೋಲ್‌ಗೆ ಬಾರದ ಫೈಲನ್ನು ಸರಿಮಾಡಿ ಕೊಡುತ್ತದೆ ಅಂತ ಇದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಆ ಕೆಲಸ ಮಾಡುವುದು ಪ್ಲೆಕ್ಸ್ ಮತ್ತು ಜೆಲ್ಲಿಫಿನ್. ಕನ್ಸೋಲ್‌ಗೆ ಎಚ್‌ಇವಿಸಿ ಬರದಿದ್ದರೆ, ಓಡುತ್ತಿರುವಾಗಲೇ ಅದನ್ನು ಎಚ್.264ಗೆ ಬದಲಿಸಿ ಕಳಿಸುತ್ತವೆ. ಇದಕ್ಕೆ ಟ್ರಾನ್ಸ್‌ಕೋಡಿಂಗ್ ಅನ್ನುತ್ತಾರೆ. ಕಂಪ್ಯೂಟರ್‌ಗೆ ಇದು ಭಾರೀ ಕೆಲಸ. ಹಳೇ ಲ್ಯಾಪ್‌ಟಾಪ್ ಆದರೆ ಫ್ಯಾನ್ ಜೋರಾಗಿ ಕೂಗುತ್ತದೆ, 4ಕೆ ಫೈಲ್ ಅಂತೂ ನಿಂತು ನಿಂತು ಓಡುತ್ತದೆ.

ಎರಡರಲ್ಲಿ ಯಾವುದು? ಪ್ಲೇಸ್ಟೇಷನ್ ಇದ್ದರೆ ಪ್ಲೆಕ್ಸ್, ಯಾಕೆಂದರೆ ಪಿಎಸ್4, ಪಿಎಸ್5 ಎರಡಕ್ಕೂ ಆ್ಯಪ್ ಇದೆ. ಜೆಲ್ಲಿಫಿನ್‌ಗೆ ಪ್ಲೇಸ್ಟೇಷನ್‌ನಲ್ಲಿ ಅಧಿಕೃತ ಆ್ಯಪ್ ಇಲ್ಲ. ಎಕ್ಸ್‌ಬಾಕ್ಸ್ ಇದ್ದರೆ ಜೆಲ್ಲಿಫಿನ್ ಹಾಕಿ ಅನ್ನುತ್ತೇನೆ. ಅದು ಪೂರ್ತಿ ಪುಕ್ಕಟೆ, ಮುಕ್ತ ತಂತ್ರಾಂಶ, 2018ರಲ್ಲಿ ಎಂಬಿ (Emby) ಅನ್ನುವ ಇನ್ನೊಂದು ಸರ್ವರ್ ಪ್ರೋಗ್ರಾಂನಿಂದ ಕವಲೊಡೆದದ್ದು. ಹೊರಗಿನ ಯಾರ ಅಕೌಂಟೂ ಬೇಕಿಲ್ಲ. ಗ್ರಾಫಿಕ್ಸ್ ಚಿಪ್ ಬಳಸಿ ಟ್ರಾನ್ಸ್‌ಕೋಡ್ ಮಾಡುವುದೂ ಪುಕ್ಕಟೆ. ಪ್ಲೆಕ್ಸ್‌ನಲ್ಲಿ ಅದಕ್ಕೆ ಪ್ಲೆಕ್ಸ್ ಪಾಸ್ ಅಂತ ದುಡ್ಡು ಕೊಡಬೇಕು. 2025ರ ಏಪ್ರಿಲ್ ಕೊನೆಯಿಂದ ಮನೆಯ ಹೊರಗಿಂದ ನಿಮ್ಮ ಪ್ಲೆಕ್ಸ್ ಸರ್ವರ್‌ನ ವಿಡಿಯೊ ನೋಡಲೂ ದುಡ್ಡು ಬೇಕು. ಮನೆಯೊಳಗೇ ನೋಡುವುದಕ್ಕೆ ಬೇಡ. ಬೆಂಗಳೂರಿನಲ್ಲಿ ಕೂತು ಊರಿನ ಮನೆಯ ಕಂಪ್ಯೂಟರ್‌ನಿಂದ ನೋಡುವ ಆಸೆ ಇರುವವರು, ವಿದೇಶದಿಂದ ನೋಡುವವರು ಈ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನೆಟ್‌ವರ್ಕ್ ಕೈಕೊಡುವ ಜಾಗಗಳು

ಸರ್ವರ್ ಹಾಕಿದವರು ಸಾಮಾನ್ಯವಾಗಿ ಹೇಳುವ ದೂರು: "ಕನ್ಸೋಲ್‌ನಲ್ಲಿ ನನ್ನ ಕಂಪ್ಯೂಟರ್ ಕಾಣ್ತಾನೇ ಇಲ್ಲ." ಎರಡು ಕಡೆ ನೋಡಿ. ವಿಂಡೋಸ್‌ನಲ್ಲಿ ನಿಮ್ಮ ವೈಫೈ ಪಬ್ಲಿಕ್ ಅಂತ ಇದ್ದರೆ ಪ್ರೈವೇಟ್ ಮಾಡಿ. ಇನ್ನೊಂದು, ಫೈಬರ್ ಕಂಪನಿಯವರು ಕೊಟ್ಟ ಡಬ್ಬಿಯ ಜೊತೆಗೆ ನೀವು ಬೇರೆ ರೌಟರ್ ಹಾಕಿಕೊಂಡಿದ್ದೀರಾ? ಕನ್ಸೋಲ್ ಒಂದಕ್ಕೆ, ಕಂಪ್ಯೂಟರ್ ಇನ್ನೊಂದಕ್ಕೆ ಸೇರಿಕೊಂಡಿದ್ದರೆ ಅವು ಬೇರೆ ಬೇರೆ ನೆಟ್‌ವರ್ಕ್‌ನಲ್ಲಿರುತ್ತವೆ, ಪರಸ್ಪರ ಕಾಣುವುದಿಲ್ಲ. ಎರಡನ್ನೂ ಒಂದೇ ರೌಟರ್‌ಗೆ ತನ್ನಿ. ಗೆಸ್ಟ್ ವೈಫೈನಲ್ಲಿದ್ದರೂ ಇದೇ ಕಥೆ.

ಇನ್ನು ಬಫರ್ ಆಗುವ ವಿಷಯ. ಮನೆಯೊಳಗೇ ಸ್ಟ್ರೀಮ್ ಮಾಡುವಾಗ ಇಂಟರ್ನೆಟ್ ಪ್ಲಾನ್‌ನ ವೇಗಕ್ಕೂ ಇದಕ್ಕೂ ಸಂಬಂಧ ಇಲ್ಲ. ರೌಟರ್‌ನಿಂದ ಕನ್ಸೋಲ್‌ವರೆಗಿನ ದಾರಿ ಮುಖ್ಯ. ಮೊದಲ ಪಿಎಸ್4ಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಬರುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿ ಅಕ್ಕಪಕ್ಕದ ಹತ್ತು ಮನೆಯ ವೈಫೈಗಳೂ ಅದೇ ಜಾಗದಲ್ಲಿ ಕಿತ್ತಾಡುತ್ತಿರುತ್ತವೆ. ಪಿಎಸ್4 ಸ್ಲಿಮ್ ಮತ್ತು ಪ್ರೋಗೆ 5 ಗಿಗಾಹರ್ಟ್ಸ್ ಬರುತ್ತದೆ, ಪಿಎಸ್5ಗೆ ವೈಫೈ 6 ಇದೆ. ಪಿಎಸ್3ರ ವೈಫೈ ತೀರಾ ಹಳೆಯದು, ದೊಡ್ಡ ಫೈಲ್‌ಗೆ ಸಾಲುವುದಿಲ್ಲ.

ನನ್ನ ಸಲಹೆ, ವೈಫೈ ಜೊತೆ ಗುದ್ದಾಡುವ ಬದಲು ಒಂದು ಲ್ಯಾನ್ ಕೇಬಲ್ ಎಳೆಯಿರಿ. ಬ್ಲೂ-ರೇಯ ವಿಡಿಯೊ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಹೋಗುತ್ತದೆ. 100 ಮೆಗಾಬಿಟ್‌ನ ಸಾದಾ ರೌಟರ್ ಪೋರ್ಟ್ ಅದಕ್ಕೆ ಧಾರಾಳ. 4ಕೆ ಬ್ಲೂ-ರೇ ಫೈಲ್ ಮಾತ್ರ ಕೆಲವು ದೃಶ್ಯಗಳಲ್ಲಿ 100 ದಾಟಬಲ್ಲದು. ಅದಕ್ಕೆ ಗಿಗಾಬಿಟ್ ಪೋರ್ಟ್ ಇರುವ ರೌಟರ್ ಬೇಕು.

ಓಡದ ಫೈಲನ್ನು ಓಡಿಸುವುದು

ಎಲ್ಲರೂ ಮಾಡುವುದು ಪೂರ್ತಿ ಕನ್ವರ್ಟ್. ಗಂಟೆಗಟ್ಟಲೆ ಕಾಯಬೇಕು, ಚಿತ್ರದ ಗುಣಮಟ್ಟವೂ ಇಳಿಯುತ್ತದೆ. ಎಷ್ಟೋ ಸಲ ಅದು ಬೇಕಾಗುವುದೇ ಇಲ್ಲ.

ಉದಾಹರಣೆಗೆ ಪಿಎಸ್4ರಲ್ಲಿ ಡಿಟಿಎಸ್ ಆಡಿಯೊ ಇರುವ ಎಂಕೆವಿ. ಅದರ ಎಚ್.264 ವಿಡಿಯೊ ಸರಿಯಾಗೇ ಇದೆ, ಆಡಿಯೊದ್ದು ಮಾತ್ರ ತಕರಾರು. ಎಫ್‌ಎಫ್‌ಎಂಪೆಗ್ ಅನ್ನುವ ಪುಕ್ಕಟೆ ಪ್ರೋಗ್ರಾಂನಲ್ಲಿ ವಿಡಿಯೊವನ್ನು ಹಾಗೇ ಕಾಪಿ ಮಾಡಿ, ಆಡಿಯೊ ಒಂದನ್ನೇ ಎಸಿ3ಗೆ ಬದಲಿಸು ಅಂತ ಹೇಳಬಹುದು. ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಚಿತ್ರ ಒಂದು ಚುಕ್ಕೆಯೂ ಬದಲಾಗುವುದಿಲ್ಲ. ಪಿಎಸ್3ಗೆ ಎಂಕೆವಿ ಬರುವುದಿಲ್ಲ ಅಂದೆನಲ್ಲ, ಒಳಗಿನ ವಿಡಿಯೊ, ಆಡಿಯೊ ಸರಿ ಇದ್ದರೆ ಎರಡನ್ನೂ ಕಾಪಿ ಮಾಡಿ ಎಂಪಿ4 ಡಬ್ಬಿಗೆ ಹಾಕಿದರೆ ಆಯಿತು.

ವಿಡಿಯೊ ಎಚ್‌ಇವಿಸಿ ಆಗಿದ್ದರೆ ಮಾತ್ರ ಪೂರ್ತಿ ಕನ್ವರ್ಟ್ ತಪ್ಪಿದ್ದಲ್ಲ. ಹ್ಯಾಂಡ್‌ಬ್ರೇಕ್ ಅನ್ನುವ ಕನ್ವರ್ಟ್ ಮಾಡುವ ಪ್ರೋಗ್ರಾಂನಲ್ಲಿ ಎಚ್.264, 1080ಪಿ ಇರುವ ಪ್ರಿಸೆಟ್ (ಸಿದ್ಧ ಆಯ್ಕೆ) ಆರಿಸಿ, ರಾತ್ರಿ ಮಲಗುವಾಗ ಹಚ್ಚಿ ಬಿಡಿ. ಮೂಲ ಫೈಲ್ ಅಳಿಸಬೇಡಿ. ಮದುವೆ ವಿಡಿಯೊ ವಿಷಯದಲ್ಲಂತೂ ಖಂಡಿತ ಬೇಡ.

ಕನ್ನಡ ಸಬ್‌ಟೈಟಲ್

ಬೇರೆ ಭಾಷೆಯ ಸಿನಿಮಾಗೆ ಕನ್ನಡ ಸಬ್‌ಟೈಟಲ್ ಹಾಕಿ ನೋಡುವವರಿಗೆ ಇದು ಮುಖ್ಯ. ಇಂಗ್ಲಿಷ್ ಅಕ್ಷರ ಸರಿಯಾಗಿ ಬಂದ ಕಡೆ ಕನ್ನಡವೂ ಬರುತ್ತದೆ ಅಂತಿಲ್ಲ. ಪ್ಲೇಯರ್ ಬಳಸುವ ಫಾಂಟ್‌ನಲ್ಲಿ ಕನ್ನಡ ಇಲ್ಲದಿದ್ದರೆ ಸಾಲುಸಾಲು ಚೌಕಗಳು ಬರುತ್ತವೆ. ಫಾಂಟ್ ಇದ್ದು, ಅಕ್ಷರ ಜೋಡಿಸುವ ಕೆಲಸ ಸರಿಯಾಗದಿದ್ದರೆ ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲಿ ನಿಲ್ಲುತ್ತದೆ. "ಅಮ್ಮ" ಅನ್ನುವುದು "ಅಮ್‌ಮ" ಅಂತ ಒಡೆದು ಕಾಣುತ್ತದೆ. ಎರಡು ಗಂಟೆ ಹಾಗೆ ಓದಲು ಯಾರಿಗೂ ಆಗುವುದಿಲ್ಲ.

ಮೊದಲು ಸಬ್‌ಟೈಟಲ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಯುಟಿಎಫ್-8ರಲ್ಲಿ ಸೇವ್ ಮಾಡಿ. ಹೆಸರು ಸಿನಿಮಾ ಫೈಲಿನ ಹೆಸರೇ ಇರಲಿ, ಎರಡೂ ಒಂದೇ ಫೋಲ್ಡರ್‌ನಲ್ಲಿರಲಿ. ಕೋಡಿಯಲ್ಲಿ ಸಬ್‌ಟೈಟಲ್ ಫಾಂಟ್ ಬದಲಿಸುವ ಆಯ್ಕೆ ಇದೆ, ಅಲ್ಲಿ ಪ್ರಯತ್ನಿಸಿ. ಪಿಎಸ್4ರ ಪ್ಲೇಯರ್‌ನಲ್ಲಿ ಬೇರೆ ಫೈಲಾಗಿರುವ ಸಬ್‌ಟೈಟಲ್ ಮೇಲೆ ಭರವಸೆ ಇಡಬೇಡಿ. ಕೊನೆಯ ಉಪಾಯ, ಹ್ಯಾಂಡ್‌ಬ್ರೇಕ್‌ನ ಸಬ್‌ಟೈಟಲ್ ಪುಟದಲ್ಲಿ ಬರ್ನ್ ಇನ್ ಅಂತ ಟಿಕ್ ಮಾಡಿ ಕನ್ವರ್ಟ್ ಮಾಡುವುದು. ಆಗ ಅಕ್ಷರಗಳು ಚಿತ್ರದ ಭಾಗವೇ ಆಗಿಬಿಡುತ್ತವೆ, ಯಾವ ಕನ್ಸೋಲ್‌ನಲ್ಲೂ ಒಡೆಯುವುದಿಲ್ಲ. ಪೂರ್ತಿ ಸಿನಿಮಾಗೆ ಹಚ್ಚುವ ಮುಂಚೆ ಒಂದು ನಿಮಿಷದ ತುಣುಕು ಮಾಡಿ, ಒತ್ತಕ್ಷರ ಸರಿಯಾಗಿ ಕೂತಿವೆಯಾ ಅಂತ ಟಿವಿಯಲ್ಲೇ ನೋಡಿಕೊಳ್ಳಿ.